ಬೋರ್ಡಿಗೆ ಬೆನ್ನು ಹಾಕಿ ಕೂರುವ ಮಾವ

ನನ್ನ ಸೋದರಮಾವನನ್ನು ನಿಮ್ಮ ಮನೆಯ ಮದುವೆಗೋ ಗೃಹಪ್ರವೇಶಕ್ಕೋ ಧಾರಾಳವಾಗಿ ಕರೆಯಿರಿ, ಬೇಡ ಅನ್ನುವುದಿಲ್ಲ. ಆದರೆ ಯಾರಾದರೂ ಮೈಕು ಹಿಡಿದು ಮಾತಾಡುವ ಜಾಗಕ್ಕೆ ಮಾತ್ರ ಕರೆಯಬೇಡಿ. ಕರೆದರೂ ಮುಂದಿನ ಸಾಲಿನಲ್ಲಿ ಕೂರಿಸಬೇಡಿ. ಕೂರಿಸಿದಿರೋ, ಆಮೇಲೆ ಆಗುವುದಕ್ಕೆ ನನ್ನನ್ನು ಕೇಳಬೇಡಿ. ಅವರು ಕೂತ ಸ್ವಲ್ಪ ಹೊತ್ತಿಗೇ ಎದ್ದು, ಕುರ್ಚಿಯನ್ನು ಎರಡೂ ಕೈಯಿಂದ ಎತ್ತಿ, ಪೂರ್ತಿ ತಿರುಗಿಸಿಟ್ಟು, ಮಾತಾಡುವವರಿಗೆ ಬೆನ್ನು ಹಾಕಿ, ಕೇಳುವವರ ಕಡೆ ಮುಖ ಮಾಡಿ ಕೂತುಬಿಡುತ್ತಾರೆ!

ಮುಳಬಾಗಿಲಿನ ಒಂದು ಕಲ್ಯಾಣಮಂಟಪದಲ್ಲಿ ಹೀಗೇ ಒಂದು ಪ್ರವಚನ. ಬಂದವರು ದೊಡ್ಡ ಪಂಡಿತರು. ಮಾವ ಎಂದಿನಂತೆ ಕುರ್ಚಿ ತಿರುಗಿಸಿದರು. ಎದುರಿಗಿದ್ದ ಹೆಂಗಸರು ಗಾಬರಿಯಿಂದ ಸೆರಗು ಸರಿಮಾಡಿಕೊಂಡರು. ತೂಕಡಿಸುತ್ತಿದ್ದ ಗಂಡಸರು ಬೆಚ್ಚಿ ನೆಟ್ಟಗೆ ಕೂತರು. ಅತ್ತೆ, ಅಂದರೆ ಮಾವನ ಹೆಂಡತಿ, ಯಾರಿಗೂ ಕಾಣದಂತೆ ಬಾಯಿಗೆ ಹಾಕಿಕೊಂಡಿದ್ದ ಚಕ್ಕುಲಿಯನ್ನು ಕಡಿಯಲಾರದೆ ಅಲ್ಲೇ ನೆನೆಯಲು ಬಿಟ್ಟರು. ಎಲ್ಲ ಮುಗಿದ ಮೇಲೆ ಪಂಡಿತರೇ ಕೆಳಗಿಳಿದು ಬಂದು ವಿನಯದಿಂದ ಕೇಳಿದರು.

"ಯಜಮಾನರಿಗೆ ನಮ್ಮ ಮೇಲೆ ಏನಾದರೂ ಬೇಸರವೇ?"

"ಬೇಸರ ಏನಿಲ್ಲ ಸ್ವಾಮಿ. ನೀವು ವೈರಾಗ್ಯದ ವಿಚಾರ ಹೇಳ್ತಿದ್ರಲ್ಲ, ಆವಾಗ ಮೂರನೇ ಸಾಲ್ನಿಂದ ಹಿಂದಕ್ಕೆ ಎಲ್ರೂ ಊಟದ ಹಾಲ್ ಕಡೆ ನೋಡ್ತಿದ್ರು. ಅಲ್ಲೊಂದು ಉದಾಹರಣೆ ಕೊಡ್ಬೇಕಿತ್ತು."

ಮುಂದಿನ ಸಲ ಬಂದಾಗ ಆ ಪಂಡಿತರು ಕುರ್ಚಿ ಬೇಡವೇ ಬೇಡ, ಎಲ್ಲರಿಗೂ ಜಮಖಾನ ಹಾಸಿ ಅಂದರಂತೆ. ಪಾಪ, ಜಮಖಾನದ ಮೇಲೆ ತಿರುಗಿ ಕೂರುವುದು ಇನ್ನೂ ಸುಲಭ ಅಂತ ಅವರಿಗೇನು ಗೊತ್ತು!

ಇದು ಹುಟ್ಟುಗುಣವಲ್ಲ, ಸರ್ಕಾರ ಸಂಬಳ ಕೊಟ್ಟು ಬೆಳೆಸಿದ ಗುಣ. ಮಾವ ಶಿಕ್ಷಣ ಇಲಾಖೆಯಲ್ಲಿ ವಿಷಯ ಪರಿವೀಕ್ಷಕರಾಗಿದ್ದರು. ಅಂದರೆ ಹೈಸ್ಕೂಲುಗಳಿಗೆ ಹೋಗಿ, ಮೇಷ್ಟರುಗಳು ಗಣಿತದ ಪಾಠ ಹೇಗೆ ಮಾಡುತ್ತಾರೆ ಎಂದು ಕೂತು ನೋಡಿ, ಒಳ್ಳೆಯದು ಕೆಟ್ಟದ್ದು ಹೇಳುವ ಕೆಲಸ. ಉಳಿದ ಪರಿವೀಕ್ಷಕರೆಲ್ಲ ತರಗತಿಯ ಹಿಂದೆ ಕೂತು ಮೇಷ್ಟರನ್ನು ನೋಡುತ್ತಿದ್ದರು. ಬೋರ್ಡಿನ ಬರಹ ಚೆನ್ನಾಗಿದೆಯೇ, ಚಾರ್ಟು ತೂಗುಹಾಕಿದ್ದಾರೆಯೇ, ಇನ್‌ಷರ್ಟ್ ಮಾಡಿದ್ದಾರೆಯೇ. ಮಧ್ಯೆ ಒಂದು ಕಾಫಿ. ಕೊನೆಗೆ ತೃಪ್ತಿಕರ ಅಂತ ಬರೆದು ಒಂದು ಸಹಿ. ನಮ್ಮ ಮಾವ ಮಾತ್ರ ಬೋರ್ಡಿನ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು, ಮೇಷ್ಟರಿಗೆ ಬೆನ್ನು ತೋರಿಸಿ, ಪೀರಿಯಡ್ಡು ಮುಗಿಯುವವರೆಗೂ ಮಕ್ಕಳ ಮುಖವನ್ನೇ ನೋಡುತ್ತಿದ್ದರು.

"ಯಾಕೆ ಮಾವ ಹಾಗೆ?" ಎಂದು ನಾನೊಮ್ಮೆ ಕೇಳಿದ್ದೆ.

"ಊಟ ಹೇಗಿದೆ ಅಂತ ತಿಳ್ಕೊಳ್ಳೋಕೆ ಎಲೆ ಮುಂದೆ ಕೂತಿರೋರ ಮುಖ ನೋಡ್ತೀಯೋ, ಅಡಿಗೆಭಟ್ರ ಮುಖ ನೋಡ್ತೀಯೋ?"

ಮಾತೇನೋ ಸರಿಯೇ. ಆದರೆ ಪಕ್ಕದಲ್ಲಿ ಹೀಗೊಬ್ಬರು ಕೂತರೆ ಅಡಿಗೆಭಟ್ಟರ ಕೈ ನಡುಗಿ ಉಪ್ಪು ಎರಡು ಸಲ ಬೀಳುತ್ತದೆ ಅಂತ ಇವರಿಗೆ ಹೇಳುವವರು ಯಾರು?

ಅವರು ಬರುತ್ತಾರೆಂದರೆ ಶಾಲೆಗಳಲ್ಲಿ ಒಂದು ಉಪಾಯ ನಡೆಯುತ್ತಿತ್ತು. ಮಕ್ಕಳ ಮುಖವನ್ನೇ ನೋಡುವ ಸಾಹೇಬರಲ್ಲವೇ, ಹಾಗಾದರೆ ಅರ್ಥವಾಗದ ಮುಖಗಳನ್ನೇ ಆ ದಿನ ಹೊರಗೆ ಕಳಿಸಿಬಿಟ್ಟರಾಯಿತು! ಶ್ರೀನಿವಾಸಪುರದ ಕಡೆಯ ಒಂದು ಶಾಲೆಯವರು ಓದಿನಲ್ಲಿ ಹಿಂದಿದ್ದ ಮಕ್ಕಳನ್ನೆಲ್ಲ ಪಕ್ಕದ ಮಾವಿನ ತೋಪಿಗೆ ಅಟ್ಟಿದ್ದರು. ಮಾವ ತರಗತಿಗೆ ಬಂದರು, ಖಾಲಿ ಬೆಂಚುಗಳನ್ನು ನೋಡಿದರು, ಹೊರಗೆ ಹೋದರು. ತೋಪಿನಲ್ಲಿ ಮಕ್ಕಳು ಮರಕೋತಿ ಆಡುತ್ತಿದ್ದರು. ಆ ಸೀಮೆಯ ಮಕ್ಕಳಿಗೆ ಶಾಲೆಯೊಳಗೆ ಕನ್ನಡ, ಹೊರಗೆ ತೆಲುಗು. ಯಾರೋ ದಾರಿಹೋಕ ತಾತನೆಂದುಕೊಂಡು ಒಬ್ಬ ಹುಡುಗ ಹೇಳಿದ.

"ಇನ್‌ಸ್ಪೆಕ್ಟರು ವಸ್ತಾಡಂಟ ತಾತಾ. ವಾಡು ಪೋಯಿನಾಕ ರಮ್ಮನ್ನಾರು."

ಇನ್‌ಸ್ಪೆಕ್ಟರು ಬರ್ತಾನಂತೆ, ಅವನು ಹೋದಮೇಲೆ ಬನ್ನಿ ಅಂದವ್ರೆ ಎಂದು ಅದರ ಅರ್ಥ. ಮಾವ ಪಂಚೆ ಎತ್ತಿಕಟ್ಟಿ ಅಲ್ಲೇ ಒಂದು ಬೇರಿನ ಮೇಲೆ ಕೂತರು.

"ಅಯಿತೇ ನೇನೂ ವಾಡು ಪೋಯೇದಾಕ ಇಕ್ಕಡೇ ಕೂರ್ಚುಂಟಾ," ಎಂದರು. ಹಾಗಾದರೆ ನಾನೂ ಅವನು ಹೋಗುವವರೆಗೆ ಇಲ್ಲೇ ಕೂತಿರ್ತೀನಿ!

ಸಂಜೆಯವರೆಗೂ ಕೂತರು. ಅತ್ತ ಮುಖ್ಯೋಪಾಧ್ಯಾಯರು ಕಾಫಿ ಆರಿಸಿಕೊಂಡು, ಬಾಳೆಎಲೆ ಒಣಗಿಸಿಕೊಂಡು, ಸಾಹೇಬರು ಎಲ್ಲಿಗೆ ಹೋದರೆಂದು ಹುಡುಕಿಸುತ್ತಿದ್ದರು.

ಇನ್ನು ಅವರ ತೀರ್ಪು. ಬಯ್ಯುವುದಿಲ್ಲ, ಹೊಗಳುವುದಿಲ್ಲ. ಎದ್ದು ಹೊರಡುವಾಗ ಬಾಗಿಲಲ್ಲಿ ನಿಂತು "ಮಕ್ಕಳು ಒಳ್ಳೇರು" ಅನ್ನುತ್ತಿದ್ದರು, ಅಷ್ಟೇ. ಹೊಸದಾಗಿ ಕೆಲಸಕ್ಕೆ ಸೇರಿದ್ದ ಮೇಷ್ಟರೊಬ್ಬರಿಗೆ "ಮಕ್ಕಳು ಬಹಳ ಒಳ್ಳೇರು" ಅಂದುಬಿಟ್ಟರಂತೆ. ಆ ಮಹಾನುಭಾವ ಖುಷಿಯಿಂದ ಸ್ಟಾಫ್ ರೂಮಿಗೆಲ್ಲ ಮೈಸೂರುಪಾಕು ಹಂಚಿದ. ಮೈಸೂರುಪಾಕು ತಿಂದು ಮುಗಿಸಿ ಕೈ ಒರೆಸಿಕೊಂಡ ಮೇಲೆ ಹಿರಿಯ ಮೇಷ್ಟರೊಬ್ಬರು ವಿವರಿಸಿದರು: "ಲೇ, ಅಷ್ಟು ಹೊತ್ತು ನಿನ್ನ ಪಾಠ ತಡ್ಕೊಂಡು ಕೂತಿದ್ರಲ್ಲ, ಅದಕ್ಕೆ ಮಕ್ಕಳು ಒಳ್ಳೇರು ಅಂದಿದ್ದು ಕಣೋ."

ನಿವೃತ್ತಿಯಾದರೆ ಇದೆಲ್ಲ ನಿಲ್ಲುತ್ತದೆ ಎಂದು ಜಿಲ್ಲೆಯ ಮೇಷ್ಟರುಗಳು ದಿನ ಎಣಿಸುತ್ತಿದ್ದರು. ಅವರಿಗೆ ನಿಂತಿತು. ನಮಗೆ ಶುರುವಾಯಿತು! ಹಾರ ಹಾಕಿ, ಶಾಲು ಹೊದಿಸಿ, ಇಲಾಖೆಯವರು ತಮ್ಮ ತಲೆನೋವನ್ನು ಅನಾಮತ್ತಾಗಿ ನಮ್ಮ ಮನೆಗೆ ಸಾಗಿಸಿಬಿಟ್ಟರು.

ಅತ್ತೆಗೆ ಸಕ್ಕರೆ ಕಾಯಿಲೆ ಶುರುವಾಗಿ ಕೋಲಾರದ ಒಬ್ಬ ಡಾಕ್ಟರ ಹತ್ತಿರ ಹೋದರು. ಜೊತೆಗೆ ನಾನೂ ಇದ್ದೆ. ಡಾಕ್ಟರು ಮಾತ್ರೆ ಯಾವಾಗ, ಊಟ ಯಾವಾಗ, ಏನು ತಿನ್ನಬೇಕು, ಏನು ಬಿಡಬೇಕು ಎಂದೆಲ್ಲ ಸಮಾಧಾನವಾಗಿ ಹೇಳಿದರು. ಮಾವ ಡಾಕ್ಟರ ಕಡೆ ತಿರುಗಿಯೂ ನೋಡದೆ ಅತ್ತೆಯ ಮುಖವನ್ನೇ ನೋಡುತ್ತಿದ್ದರು.

"ಡಾಕ್ಟ್ರೇ, ಇವಳಿಗೆ ಅರ್ಥ ಆಗಿಲ್ಲ."

"ಆಯ್ತು ಅಂದ್ರಲ್ಲ ಸಾರ್ ಅವರೇ?"

"ಕ್ಲಾಸಲ್ಲಿ ಎಲ್ರೂ ಹಂಗೇ ಅಂತಾರೆ. ಏ ಇವಳೇ, ಡಾಕ್ಟ್ರು ಹೇಳಿದ್ದನ್ನ ನೀನು ನಂಗೊಂದ್ಸಲ ಹೇಳು ನೋಡಾಣ."

ಅತ್ತೆ ಹೇಳಿದರು. ಊಟಕ್ಕೆ ಮುಂಚಿನ ಮಾತ್ರೆ ಊಟದ ಮೇಲೆ ಹೋಯಿತು, ರಾತ್ರಿಯದು ಬೆಳಿಗ್ಗೆಗೆ ಬಂತು, ಬಾಳೆಹಣ್ಣು ಬಿಡಬೇಕಾದದ್ದು ದಿನಕ್ಕೆರಡು ತಿನ್ನಬೇಕಾಯಿತು. ಮಾವ ಡಾಕ್ಟರ ಕಡೆ ತಿರುಗಿ, "ಇನ್ನೊಂದ್ಸಲ ಮಾಡಿ," ಅಂದರು. ಡಾಕ್ಟರು ಇನ್ನೊಂದು ಸಲ ಮಾಡಿದರು. ಮತ್ತೆ ಪರೀಕ್ಷೆ. ಹೊರಗೆ ಕಾಯುತ್ತಿದ್ದವರ ಕೆಮ್ಮು, ಗೊಣಗಾಟ ಬಾಗಿಲೊಳಕ್ಕೇ ಬಂತು. ಮುಂದಿನ ತಿಂಗಳು ಹೋದಾಗ ಬಾಗಿಲ ಮೇಲೆ "ರೋಗಿಗಳಿಗೆ ಮಾತ್ರ ಪ್ರವೇಶ" ಎಂದು ಹೊಸ ಬೋರ್ಡು ತೂಗುತ್ತಿತ್ತು. ಅತ್ತೆಯ ಸಕ್ಕರೆ ಹತೋಟಿಗೆ ಬಂತು ಅನ್ನುವುದು ಬೇರೆ ವಿಷಯ. ಆದರೆ ನಾಚಿಕೆಯಿಂದ ನನ್ನ ತಲೆ ಮೇಲೇಳಲಿಲ್ಲವಲ್ಲ, ಅದಕ್ಕೇನು ಮಾತ್ರೆ?

ಕೊರೋನಾ ಕಾಲದಲ್ಲಿ ನನ್ನ ಮಗನಿಗೆ ಮೊಬೈಲಿನಲ್ಲಿ ಪಾಠ ನಡೆಯುತ್ತಿತ್ತು. ಆಗ ಮಾವ ಮಾಲೂರಿನ ನಮ್ಮ ಮನೆಗೆ ಬಂದು ಸಿಕ್ಕಿಹಾಕಿಕೊಂಡಿದ್ದರು. ಮೊಬೈಲನ್ನು ತಿರುಗಿಸಿ ಅದರ ಬೆನ್ನು ನೋಡಿದರು. ಅಲ್ಲಿ ಮಕ್ಕಳಿರಲಿಲ್ಲ.

"ಮಕ್ಕಳೆಲ್ಲಿ?"

ಮಗ ಪರದೆಯ ಮೇಲೆ ಬೆರಳಾಡಿಸಿ ತೋರಿಸಿದ. ಎಲ್ಲರೂ ಕ್ಯಾಮೆರಾ ಮುಚ್ಚಿಕೊಂಡಿದ್ದರು. ಸಾಲಾಗಿ ಕಪ್ಪು ಚೌಕಗಳು, ಒಂದೊಂದರ ಮೇಲೆ ಒಂದೊಂದು ಹೆಸರು.

"ಇದೇನೋ ಇದು, ಸ್ಮಶಾನದ ಕಲ್ಲುಗಳಿದ್ದಂಗಿದೆ," ಎಂದು ಮಾವ ಎದ್ದು ಹೋದರು. ನಮ್ಮ ಕಡೆಯ ಮೈಕು ತೆರೆದೇ ಇತ್ತು. ಮಗನ ಕ್ಲಾಸ್ ಟೀಚರಿಗೆ ಕ್ಷಮೆ ಕೇಳುವ ಭಾಗ್ಯ ಯಾರದ್ದು? ನನ್ನದೇ.

ಇಷ್ಟನ್ನೂ ನಗುತ್ತಾ ಹೇಳಬಹುದು. ನಗುತ್ತಾ ಹೇಳಲಾಗದ ಒಂದು ಸಂಗತಿಯಿದೆ. ಮಾವನ ಒಬ್ಬಳೇ ಮಗಳು ನನಗಿಂತ ಚಿಕ್ಕವಳು, ನನ್ನ ಜೊತೆಯೇ ಬೆಳೆದವಳು. ಬಿ.ಎಡ್. ಮುಗಿಸಿ ಕೋಲಾರದ ಒಂದು ಶಾಲೆಗೆ ಟೀಚರಾಗಿ ಸೇರಿದಳು. ಹೊಸ ಕಾಟನ್ ಸೀರೆ, ಹೊಸ ಚಪ್ಪಲಿ, ಕೈತುಂಬ ಬಣ್ಣದ ಸೀಮೆಸುಣ್ಣ. ಅಪ್ಪ ಬಂದು ತನ್ನ ಪಾಠ ನೋಡಲಿ ಎಂದು ಅವಳೇ ಕರೆದಳು. ಮಾವ ಹೋದರು, ಕುರ್ಚಿ ತಿರುಗಿಸಿದರು, ಕೂತರು. ಏಳುವಾಗ ಬಾಗಿಲಲ್ಲಿ ನಿಂತು "ಮಕ್ಕಳು ಬಹಳ ಒಳ್ಳೇರು" ಅಂದರು.

ಬೇರೆಯವರ ಮನೆಯ ಹುಡುಗಿಯಾಗಿದ್ದರೆ ಅವಳೂ ಮೈಸೂರುಪಾಕು ಹಂಚುತ್ತಿದ್ದಳೋ ಏನೋ. ಇವಳು ಆ ಮಾತಿನ ಅರ್ಥ ಹಾಲು ಕುಡಿಯುವಾಗಲೇ ಕಲಿತವಳು. ಆ ತಿಂಗಳೇ ಕೆಲಸ ಬಿಟ್ಟಳು. ಆಮೇಲೆ ಪರೀಕ್ಷೆ ಬರೆದು ಬ್ಯಾಂಕಿಗೆ ಸೇರಿದಳು. ಈಗ ಚೆನ್ನಾಗಿಯೇ ಇದ್ದಾಳೆ, ಹಬ್ಬಕ್ಕೆ ಬರುತ್ತಾಳೆ, ಅಪ್ಪನಿಗೆ ಪಂಚೆ ತರುತ್ತಾಳೆ. ಶಾಲೆಯ ಮಾತು ಬಂದರೆ ಮಾತ್ರ ಎದ್ದು ಅಡಿಗೆಮನೆಗೆ ಹೋಗುತ್ತಾಳೆ. ನನಗೆ ಮಾವನ ಮೇಲೆ ಸಿಟ್ಟು ಬಂದದ್ದು ಆವತ್ತು. ಈ ಮನುಷ್ಯನಿಗೆ ಊರಿನ ಮಕ್ಕಳ ಮುಖವೆಲ್ಲ ಓದಲು ಬರುತ್ತದೆ, ಸ್ವಂತ ಮಗಳದ್ದು ಮಾತ್ರ ಬರಲಿಲ್ಲವೇ?

ಹಾಗಾಗಿ ಲಕ್ಕೂರಿನ ಹತ್ತಿರದ ಸರ್ಕಾರಿ ಹೈಸ್ಕೂಲಿಗೆ ಗಣಿತದ ಟೀಚರಾಗಿ ನನಗೆ ಆರ್ಡರು ಬಂದ ದಿನವೇ ಅವರ ಕಾಲಿಗೆ ನಮಸ್ಕಾರ ಮಾಡಿ, ಎದ್ದು, ಷರತ್ತು ಹಾಕಿದೆ.

"ಮಾವ, ಆಶೀರ್ವಾದ ಮಾಡಿ. ನನ್ನ ಕ್ಲಾಸಿಗೆ ಮಾತ್ರ ಕಾಲಿಡ್ಬೇಡಿ."

"ನಾನ್ಯಾಕೆ ಬರ್ಲಿ? ನಂಗೇನು ಬೇರೆ ಕೆಲಸ ಇಲ್ವಾ?" ಅಂದರು. ಬೇರೆ ಕೆಲಸವೇನೂ ಇರಲಿಲ್ಲ.

ಮಾವನ ಊರು ಮುಳಬಾಗಿಲಿನಿಂದ ಕೋಲಾರಕ್ಕೊಂದು ಬಸ್ಸು, ಕೋಲಾರದಿಂದ ಮಾಲೂರಿಗೊಂದು, ಅಲ್ಲಿಂದ ನಮ್ಮ ಶಾಲೆಗೆ ಮತ್ತೊಂದು. ಇಷ್ಟೆಲ್ಲ ಹತ್ತಿ ಇಳಿದು ಒಂದು ದಿನ ಬಂದು ನಮ್ಮ ಕಾಂಪೌಂಡಿನ ಹೊರಗೆ ಸೌತೆಕಾಯಿ ಗಾಡಿಯ ಪಕ್ಕ ನಿಂತಿದ್ದರು. ಸರಿಯಾಗಿ ಎಂಟನೇ ತರಗತಿಯ ಕಿಟಕಿಗೆ ಎದುರಾಗಿ. ನಾನು ತಕ್ಷಣ ಪಾಠ ನಿಲ್ಲಿಸಿ, ಮಕ್ಕಳಿಗೆ ಕಾಪಿ ಬರೆಯಲು ಹೇಳಿ, ಹೊರಗೆ ಓಡಿದೆ.

"ಮಾವ, ಸೌತೆಕಾಯಿ ತಿನ್ನೋಕೆ ಮುಳಬಾಗಿಲಿಂದ ಇಲ್ಲೀವರ್ಗೂ ಬಂದ್ರಾ?"

"ಇಲ್ಲಿ ನೀರು ಬೇರೆ ಕಣೇ. ರುಚಿ ಬರುತ್ತೆ."

ನೀರೇ ಸಿಗದ ಕೋಲಾರ ಜಿಲ್ಲೆಯಲ್ಲಿ ನೀರಿನ ರುಚಿಯ ಮಾತು! ನಾನು ಅವರನ್ನು ಮುಂದಿನ ಬಸ್ಸಿಗೆ ಹತ್ತಿಸಿ, ಕಂಡಕ್ಟರಿಗೆ ಹೇಳಿ, ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಅಲ್ಲೇ ನಿಂತಿದ್ದೆ. ಆಮೇಲೆ ಅವರು ಎಷ್ಟು ಸಲ ಬಂದು ಸೌತೆಕಾಯಿ ತಿಂದರೋ ಲೆಕ್ಕವಿಲ್ಲ. ಗಾಡಿಯವನು ಅವರಿಗಾಗಿ ಬೇರೆ ಉಪ್ಪುಕಾರ ಮಾಡಿಡುತ್ತಿದ್ದನಂತೆ. ನಾನು ಮಾತ್ರ ಒಳಗೆ ಬಿಡಲಿಲ್ಲ. ಒಂದು ಮಾತಿಗೆ ಹೆದರಿ ಇಷ್ಟು ವರ್ಷ ಬಾಗಿಲು ಹಾಕಿಕೊಂಡಿದ್ದೆ. ನನ್ನ ಪಾಠ ಚೆನ್ನಾಗಿದೆಯೋ ಇಲ್ಲವೋ ಎಂದು ಖಚಿತವಾಗಿ ಹೇಳಬಲ್ಲವರು ಅವರೊಬ್ಬರೇ ಅನ್ನುವುದೂ ನನಗೆ ಗೊತ್ತಿತ್ತು. ಅದೇ ಭಯ.

ಈ ವರ್ಷ ನಮ್ಮ ಮುಖ್ಯೋಪಾಧ್ಯಾಯರು ಉತ್ತಮ ಶಿಕ್ಷಕಿ ಪ್ರಶಸ್ತಿಗೆ ನನ್ನ ಹೆಸರು ಕಳಿಸಿಬಿಟ್ಟರು. ಒಂದು ಸಮಿತಿ ಬಂದು ನನ್ನ ಮಾದರಿ ಪಾಠ ನೋಡುವುದೆಂದು ತೀರ್ಮಾನವಾಯಿತು. ಮಾದರಿ ಪಾಠವೆಂದರೆ ಏನೆಂದು ನಿಮಗೆ ಹೇಳಬೇಕು. ಸಮಿತಿಯ ಮುಂದೆ ಮಾಡುವ ಪಾಠವನ್ನು ಅದೇ ಮಕ್ಕಳಿಗೆ ಮುಂಚೆಯೇ ಮತ್ತೆ ಮತ್ತೆ ಮಾಡಿ, ಯಾವ ಪ್ರಶ್ನೆಗೆ ಯಾವ ಉತ್ತರ ಎಂದು ಬಾಯಿಪಾಠ ಮಾಡಿಸಿ, ಆ ದಿನ ಎಲ್ಲವೂ ಆಗತಾನೇ ಹೊಳೆದಂತೆ ಹೇಳಿಸುವುದು. ಎಲ್ಲರೂ ಮಾಡುತ್ತಾರೆ. ಸಮಿತಿಯವರಿಗೂ ಗೊತ್ತು, ಅವರೂ ಮಾಡಿಯೇ ಮೇಲೆ ಬಂದವರು.

ಆಯತದಿಂದ ತ್ರಿಭುಜದ ವಿಸ್ತೀರ್ಣ ಕಂಡುಹಿಡಿಯುವ ಪಾಠ. ಥರ್ಮಾಕೋಲ್ ಕತ್ತರಿಸಿದೆ, ಬಣ್ಣ ಹಚ್ಚಿದೆ. ಪ್ರಶ್ನೆ ಒಂದು: ಇದು ಯಾವ ಆಕೃತಿ? ಉತ್ತರ: ಆಯತ ಮಿಸ್. ಪ್ರಶ್ನೆ ಎರಡು: ಇದರ ಎದುರು ಬದಿಗಳು ಹೇಗಿವೆ? ಸಮವಾಗಿವೆ ಮಿಸ್. ಮೂರು: ಕರ್ಣ ಎಳೆದರೆ ಏನು ಸಿಗುತ್ತದೆ? ಎರಡು ತ್ರಿಭುಜ ಮಿಸ್. ನಾಲ್ಕು: ಒಂದು ತ್ರಿಭುಜದ ವಿಸ್ತೀರ್ಣ ಎಷ್ಟು? ಆಯತದ ಅರ್ಧ ಮಿಸ್. ಆಮೇಲೆ ಎಲ್ಲರೂ ಚಪ್ಪಾಳೆ. ಮಕ್ಕಳು ನೀರು ಕುಡಿದಂತೆ ಕಲಿತಿದ್ದರು.

ಸಮಿತಿ ಬರುವುದು ಮುಂದಿನ ವಾರ. ಕೊನೆಯ ಅಭ್ಯಾಸದ ದಿನ ಮುಖ್ಯೋಪಾಧ್ಯಾಯರು ಒಳಗೆ ಬಂದರು. ಅವರ ಹಿಂದೆ, ಬಿಳಿ ಪಂಚೆ, ಕೈಯಲ್ಲಿ ಅರ್ಧ ತಿಂದ ಸೌತೆಕಾಯಿ, ನಮ್ಮ ಮಾವ!

"ಮೇಡಂ, ಸಾಹೇಬ್ರು ಗೇಟಲ್ಲಿ ಸಿಕ್ಕಿದ್ರು. ನಾನೇ ಬಲವಂತ ಮಾಡಿ ಕರ್ಕೊಂಡು ಬಂದೆ," ಅಂದರು ಮುಖ್ಯೋಪಾಧ್ಯಾಯರು. ತಮ್ಮ ಕೈಯಾರೆ ಕುರ್ಚಿಯನ್ನೂ ತಂದರು. ಒಂದು ಕಾಲದಲ್ಲಿ ಮಾವನ ಮುಂದೆ ನಡುಗಿದವರು, ಆ ನಡುಕವಿನ್ನೂ ಹೋಗಿರಲಿಲ್ಲ.

ಮಾವ ನನ್ನ ಕಡೆ ನೋಡಿದರು. ಬಲವಂತಕ್ಕೆ ಬಂದವರ ಮುಖ ಅದಾಗಿರಲಿಲ್ಲ. ಇಷ್ಟು ಮಕ್ಕಳ ಮುಂದೆ ನೀವು ಹೊರಡಿ ಎನ್ನಲು ನನಗೆ ಬಾಯಿ ಬರಲಿಲ್ಲ. ಅವರು ಸೌತೆಕಾಯಿಯನ್ನು ಕಿಟಕಿಯ ಮೇಲಿಟ್ಟು, ಕುರ್ಚಿ ತಿರುಗಿಸಿ, ನನಗೆ ಬೆನ್ನು ಹಾಕಿ ಕೂತರು.

"ಮಿಸ್, ಯಾರ್ ಮಿಸ್ ಈ ತಾತ?" ಎಂದು ಮುಂದಿನ ಬೆಂಚಿನ ಹುಡುಗ ಕೇಳಿದ. ನಾನು ಥರ್ಮಾಕೋಲಿನ ಆಯತ ಎತ್ತಿ ಹಿಡಿದೆ.

"ಇದು ಯಾವ ಆಕೃತಿ?"

"ಆಯತ ಮಿಸ್!"

ಆ ಬೆನ್ನು ನೋಡಿ ನನಗೆ ಎರಡನೇ ಪ್ರಶ್ನೆ ಮರೆತೇಹೋಯಿತು. ನೇರವಾಗಿ ಮೂರಕ್ಕೆ ಹಾರಿದೆ.

"ಕರ್ಣ ಎಳೆದರೆ ಏನು ಸಿಗುತ್ತೆ?"

"ಸಮವಾಗಿವೆ ಮಿಸ್!"

ಮಕ್ಕಳು ಉತ್ತರಗಳ ಕ್ರಮ ಬಿಡಲಿಲ್ಲ, ನಾನು ಬಿಟ್ಟಿದ್ದೆ. ನನಗೆ ಬೆವರು ಕಿತ್ತುಕೊಂಡು ಬಂತು.

"ಸರಿಯಾಗಿ ಯೋಚನೆ ಮಾಡಿ. ಒಂದು ತ್ರಿಭುಜದ ವಿಸ್ತೀರ್ಣ ಎಷ್ಟು?"

"ಎರಡು ತ್ರಿಭುಜ ಮಿಸ್!"

"ಏನಾಗಿದೆ ನಿಮಗೆಲ್ಲ ಇವತ್ತು?"

"ಆಯತದ ಅರ್ಧ ಮಿಸ್!" ಎಂದು ಇಡೀ ತರಗತಿ ಒಂದೇ ದನಿಯಲ್ಲಿ ಕೂಗಿ, ಚಪ್ಪಾಳೆ ತಟ್ಟಿತು.

ಮುಖ್ಯೋಪಾಧ್ಯಾಯರು ಏನೋ ನೆನಪಾದವರಂತೆ ಆಫೀಸಿಗೆ ಹೋದರು. ಗಂಟೆ ಹೊಡೆಯಿತು. ಭೂಮಿ ಬಾಯಿಬಿಡಬಾರದೇ ಅಂತ ಜನ ಯಾಕೆ ಹೇಳುತ್ತಾರೆಂದು ನನಗೆ ಆವತ್ತು ಗೊತ್ತಾಯಿತು. ಅವಮಾನಕ್ಕಿಂತ ಸಿಟ್ಟು ಹೆಚ್ಚಾಗಿ ಅಳು ಬಂತು. ಮಾವನ ಹತ್ತಿರ ಹೋಗಿ ಮಕ್ಕಳಿಗೆ ಕೇಳಿಸದಂತೆ ಹೇಳಿದೆ.

"ಹೇಳಿಬಿಡಿ ಮಾವ. ಮಕ್ಕಳು ಬಹಳ ಒಳ್ಳೇರು ಅಂತ ಹೇಳಿ ಹೊರಡಿ. ಅದಕ್ಕೇ ತಾನೆ ಬಂದಿದ್ದು?"

ಅವರು ಹೇಳಲಿಲ್ಲ. ಮಕ್ಕಳ ಕಡೆಯೇ ನೋಡುತ್ತಿದ್ದರು.

"ಮುಂದಿನ ಪೀರಿಯಡ್ ಯಾರ್ದು?"

"ಯಾರದ್ದೂ ಇಲ್ಲ. ಡ್ರಾಯಿಂಗ್ ಮೇಷ್ಟ್ರು ಟ್ರೈನಿಂಗ್‌ಗೆ ಹೋಗವ್ರೆ."

"ನಾನು ತಗೊಳ್ಲಾ?"

ನನಗೆ ಅರ್ಥವಾಗಲಿಲ್ಲ. ಮಾವ ಎದ್ದರು. ತಾವು ಕೂತಿದ್ದ ಕುರ್ಚಿಯನ್ನು ಹಾಗೇ, ಮಕ್ಕಳ ಕಡೆಗೇ, ಬಿಟ್ಟರು.

"ನೀನಿಲ್ಲಿ ಕೂತ್ಕೋ. ನನ್ನ ನೋಡ್ಬೇಡ, ಅವ್ರನ್ನ ನೋಡು. ಆಮೇಲೆ ನಂಗೆ ಹೇಳು."

ಇಂಥ ಅವಕಾಶ ಯಾರಿಗೆ ಸಿಗುತ್ತದೆ! ಜಿಲ್ಲೆಯ ಮೇಷ್ಟರುಗಳೆಲ್ಲರ ಪರವಾಗಿ ನಾನು ಆ ಕುರ್ಚಿಯಲ್ಲಿ ಕೂತೆ. ಸುಳ್ಳು ಯಾಕೆ ಹೇಳಲಿ, ಇಂಚಿಂಚಾಗಿ ಸೇಡು ತೀರಿಸಿಕೊಳ್ಳಬೇಕೆಂದೇ ಕೂತೆ.

ಬೆನ್ನ ಹಿಂದೆ ಸೀಮೆಸುಣ್ಣ ಮುರಿದ ಸದ್ದಾಯಿತು. ಇನ್ನೊಂದು ತೆಗೆದರು. ಅದೂ ಮುರಿಯಿತು. ಏನೋ ಬರೆದರು. ಮಧ್ಯದ ಸಾಲಿನ ಮಕ್ಕಳು ಕಣ್ಣು ಕಿರಿದು ಮಾಡಿಕೊಂಡರು, ಅಕ್ಷರ ಚಿಕ್ಕದಾಗಿರಬೇಕು. ಮಾತು ಶುರುವಾಯಿತು. ಮಂಟಪದಲ್ಲಿ ಪಂಡಿತರಿಗೇ ಬುದ್ಧಿ ಹೇಳಿದ ದನಿ ಇಲ್ಲಿ ಎರಡನೇ ಬೆಂಚಿನವರೆಗೂ ಹೋಗುತ್ತಿರಲಿಲ್ಲ.

"ನಿಮ್ಮಪ್ಪ ಒಂದು ಹಿಪ್ಪುನೇರಳೆ ತೋಟನ ಮೂಲೆಯಿಂದ ಮೂಲೆಗೆ ಹಗ್ಗ ಹಿಡಿದು ಇಬ್ರು ಮಕ್ಕಳಿಗೆ ಭಾಗ ಮಾಡಿದ ಅಂತ ಇಟ್ಕೊಳ್ಳಿ..."

"ನಮ್ಮಪ್ಪಂಗೆ ತೋಟ ಇಲ್ಲ ಸಾ. ಇಟ್ಟಿಗೆ ಫ್ಯಾಕ್ಟ್ರಿಗೆ ಹೋಗ್ತಾರೆ."

"ಆಯ್ತು, ಬೇರೆ ಯಾರ್ದೋ ಅಪ್ಪ."

"ಹಂಗೆ ಭಾಗ ಮಾಡಿದ್ರೆ ಬೋರ್‌ವೆಲ್ ಒಬ್ರಿಗೇ ಹೋಗುತ್ತೆ ಸಾ. ಜಗಳ ಆಗುತ್ತೆ."

ಬೋರ್‌ವೆಲ್ ಯಾವ ಮೂಲೆಯಲ್ಲಿದೆ, ಯಾರ ಪಾಲಿಗೆ ಬರಬೇಕು ಎಂದು ತರಗತಿಯಲ್ಲಿ ಎರಡು ಪಕ್ಷಗಳಾದವು. ಮಾವ "ಇರ್ರಪ್ಪಾ, ಇರ್ರಿ" ಅನ್ನುತ್ತಿದ್ದರು. ಯಾರೂ ಇರಲಿಲ್ಲ. ಮಧ್ಯದ ಸಾಲಿನಲ್ಲೊಬ್ಬ ಆಕಳಿಸಿದ. ಅವನನ್ನು ನೋಡಿ ಆ ಸಾಲೆಲ್ಲ ಆಕಳಿಸಿತು. ನನಗೆ ಒಳಗೊಳಗೇ ನಗು. ಆದರೆ ನಗುತ್ತಲೇ ಒಂದು ವಿಷಯ ಗಮನಕ್ಕೆ ಬಂತು. ಈ ಮಕ್ಕಳನ್ನು ನಾನು ದಿನಾ ನೋಡುತ್ತೇನೆ, ಇಷ್ಟು ಹೊತ್ತು ಸುಮ್ಮನೆ ಕೂತು ನೋಡಿರಲಿಲ್ಲ. ಕೊನೆಯ ಬೆಂಚಿನ ಹುಡುಗಿಯೊಬ್ಬಳು ನನ್ನ ನಾಲ್ಕೂ ಪ್ರಶ್ನೆಗೆ ಎಲ್ಲರಿಗಿಂತ ಗಟ್ಟಿಯಾಗಿ ಉತ್ತರ ಕೂಗುವವಳು. ಈಗ ಮಾತ್ರ ಜಗಳದ ಮಧ್ಯೆಯೂ ಎದ್ದು ನಿಂತು, ಗೋಡೆ ಹಿಡಿದುಕೊಂಡು, ಬೋರ್ಡು ನೋಡುತ್ತಿದ್ದಳು.

"ಸಾ, ಎಲ್ಲಾ ತ್ರಿಭುಜಕ್ಕೂ ಹಂಗೇನಾ? ಡೊಂಕಾಗಿರೋದಕ್ಕೂ ಅರ್ಧಾನೇ ಬರುತ್ತಾ?"

ಅವಳು ನನ್ನ ತರಗತಿಯಲ್ಲಿ ಒಂದು ಪ್ರಶ್ನೆ ಕೇಳಿದ್ದು ನನಗೆ ನೆನಪಿಲ್ಲ. ಮಾವ "ಅದು... ಅದು ನೋಡಾಣ" ಅಂದರು. ಅಳಿಸಿದರು, ಏನೋ ಎಳೆದರು, ಮತ್ತೆ ಅಳಿಸಿದರು. ಹುಡುಗಿ ಕಾಯುತ್ತಾ ನಿಂತೇ ಇದ್ದಳು. ಗಂಟೆ ಹೊಡೆಯಿತು.

ಹೊರಗೆ ಜಗಲಿಯಲ್ಲಿ ಮಾವ ಕೈಗಂಟಿದ ಸುಣ್ಣವನ್ನು ಪಂಚೆಗೆ ಒರೆಸಿಕೊಳ್ಳುತ್ತಾ ನಿಂತಿದ್ದರು. ಹಣೆಯೆಲ್ಲ ಬೆವರು.

"ಹೇಗಿತ್ತು?" ಅಂದರು.

ಎಷ್ಟೋ ವರ್ಷ ಕಾದಿದ್ದ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಆದರೆ ಅವರ ಮುಖ ನೋಡಿಬಿಟ್ಟೆನಲ್ಲ! ಪರೀಕ್ಷೆ ಬರೆದು ಹೊರಗೆ ಬಂದ ಮಕ್ಕಳ ಮುಖ ಹೇಗಿರುತ್ತದೆ ಅಂತ ಟೀಚರಿಗೆ ಹೇಳಿಕೊಡಬೇಕೇ?

"ಯಾಕೆ ಮಾವ ಇದು? ಈ ವಯಸ್ಸಲ್ಲಿ?"

"ನಾನು ಮೇಷ್ಟ್ರಾಗಿದ್ದಾಗ ನನ್ನ ಕ್ಲಾಸಲ್ಲಿ ಯಾರೂ ಹೀಗೆ ಕೂರ್ಲಿಲ್ಲ ಕಣೇ. ನಾನು ಹೇಗೆ ಪಾಠ ಮಾಡ್ತಿದ್ದೆ ಅಂತ ನಂಗೇ ಗೊತ್ತಾಗ್ಲಿಲ್ಲ. ಬೇಗ ಪ್ರಮೋಶನ್ ಕೊಟ್ಟು ಬೇರೆಯವ್ರನ್ನ ನೋಡೋಕೆ ಕಳಿಸ್ಬಿಟ್ರು." ಪಂಚೆಗಂಟಿದ ಸುಣ್ಣ ಕೊಡವಿದರು. "ಅವತ್ತು ಮಗಳಿಗೆ ಆ ಮಾತು ಅಂದ್ನಲ್ಲ. ಅವಳ ಜಾಗದಲ್ಲಿ ನಾನು ನಿಂತಿದ್ರೆ ಏನಾಗ್ತಿತ್ತು ಅಂತ ಅವತ್ತಿಂದ ಯೋಚ್ನೆ. ಅದಕ್ಕೇ ನಿನ್ನ ಗೇಟಿಗೆ ಬಂದ್ ಬಂದ್ ನಿಲ್ತಿದ್ದೆ. ಕೇಳೋಕೆ ಬಾಯಿ ಬರ್ತಿರ್ಲಿಲ್ಲ."

ನಾನು ಈ ಮನುಷ್ಯನನ್ನು ಎಷ್ಟು ಸಲ ಬಸ್ಸು ಹತ್ತಿಸಿ ಕಳಿಸಿದ್ದೆ! ಚೆನ್ನಾಗಿತ್ತು ಮಾವ ಅನ್ನಬೇಕೆನಿಸಿತು. ಅಂದಿದ್ದರೆ ಅವರು ನನ್ನ ಮುಖ ನೋಡಿ ಕಂಡುಹಿಡಿಯುತ್ತಿದ್ದರು. ಆದ್ದರಿಂದ ಕಂಡದ್ದನ್ನೇ ಹೇಳಿದೆ.

"ಬೋರ್ಡಲ್ಲಿ ಅಕ್ಷರ ಚಿಕ್ಕದಾಯ್ತು ಮಾವ. ದನಿ ಹಿಂದಕ್ಕೆ ಬರ್ಲಿಲ್ಲ. ಮಧ್ಯದ ಸಾಲು ಪೂರ್ತಿ ಆಕಳಿಸ್ತು. ಆದ್ರೆ ಕೊನೆ ಬೆಂಚಿನ ಹುಡುಗಿ ಎದ್ದು ನಿಂತ್ಕೊಂಡು ಕೇಳಿದ್ಲು. ನನ್ನ ಕ್ಲಾಸಲ್ಲಿ ಅವಳು ಯಾವತ್ತೂ ಕೇಳಿರ್ಲಿಲ್ಲ. ನೀವು ಅವಳಿಗೆ ಉತ್ತರ ಕೊಡ್ಲಿಲ್ಲ."

ಅವರು ಒಂದೊಂದಕ್ಕೂ ತಲೆಯಾಡಿಸುತ್ತಾ ಕೇಳಿದರು. ನೋವಾದಂತೆ ಕಾಣಲಿಲ್ಲ. ಯಾರೋ ಹೆಗಲ ಮೇಲಿನ ಮೂಟೆ ಇಳಿಸಿದ ಹಾಗೆ ಒಂದು ಉಸಿರು ಬಿಟ್ಟರು.

"ಉತ್ತರ ಗೊತ್ತು ನಂಗೆ. ಒಂದು ಲಂಬ ಎಳೆದ್ರೆ ಆಗ್ತಿತ್ತು, ಆ ಹೊತ್ತಿಗೆ ಹೊಳೀಲಿಲ್ಲ. ನಾಳೆ ಬಂದು ಹೇಳ್ಲಾ?"

"ಬನ್ನಿ ಮಾವ."

"ನಾಳೆ ನನ್ನ ಮಗಳೂ ಬಂದು ಆ ಕುರ್ಚೀಲಿ ಕೂತ್ಕೊಂಡ್ರೆ..." ಎಂದು ಅರ್ಧಕ್ಕೇ ನಿಲ್ಲಿಸಿದರು. "ಬ್ಯಾಂಕಿಗೆ ರಜಾ ಹಾಕ್ಬೇಕಲ್ಲ. ನಾನು ಕರೆದ್ರೆ ಬರ್ತಾಳಾ? ನೀನೇ ಒಂದು ಮಾತು ಕೇಳ್ನೋಡು. ನಂಗೆ ಧೈರ್ಯ ಇಲ್ಲ ಕಣಮ್ಮ."

ಮುಂದಿನ ವಾರದ ಸಮಿತಿ, ಥರ್ಮಾಕೋಲು, ಪ್ರಶಸ್ತಿ ಎಲ್ಲ ನನ್ನ ತಲೆಯಿಂದ ಹಾರಿಹೋಗಿತ್ತು. ಮೊಬೈಲ್ ತೆಗೆದು ಅವಳ ನಂಬರು ಒತ್ತಿದೆ. ಅವಳು "ಹೇಳೇ" ಅಂದಳು. ನಾನು ಮೊಬೈಲನ್ನು ಮಾವನ ಕೈಗಿಟ್ಟೆ.

ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದು ಕಿವಿಗಿಟ್ಟುಕೊಂಡರು.

"ನಾನಮ್ಮ, ಅಪ್ಪ," ಅಂದರು. "ಇಲ್ಲ, ಹುಷಾರಾಗೇ ಇದೀನಿ. ನಾಳೆ ಒಂದು ಪಾಠ ಮಾಡ್ಬೇಕು ಅಂತಿದೀನಿ. ನೀನು ಬಂದು ನೋಡ್ತೀಯಾ?"